ಪಿಂಗಾಣಿಯ ಪುರಾಣಬೊಂಬೆಗಳಿಗೆ ಕಾಸರಗೋಡಿನಲ್ಲಿ ಆರೈಕೆ

ಗ್ರೀಕ್ ಮತ್ತು ರೋಮನ್ ಪುರಾಣಗಳ ಶಿಲ್ಪಗಳನ್ನು ಅನುಕರಿಸುವ ಪಿಂಗಾಣಿ ಬೊಂಬೆಗಳನ್ನು ಶುಚಿಗೊಳಿಸುವ ಮೊದಲು, ಅವುಗಳಿಗೆ ಹೊಳಪಿನ ಲೇಪವಿದೆಯೇ ಎಂದು ನೋಡಿಕೊಳ್ಳಬೇಕು. 1757ರಿಂದ 1766ರವರೆಗೆ ಶಿಲ್ಪಿ ಫಾಲ್ಕೊನೆಯ ನೇತೃತ್ವದಲ್ಲಿ ಫ್ರಾನ್ಸಿನ ಸೆವ್ರ್ ಕಾರ್ಖಾನೆ ತಯಾರಿಸಿದಂಥ ಬಿಸ್ಕ್ ಎಂಬ ಬಗೆಯ ಬೊಂಬೆಗಳಿಗೆ ಈ ಲೇಪವಿರುವುದಿಲ್ಲ. ಅಮೃತಶಿಲೆಯ ಮಂದ ಬಿಳುಪು ಬರುವುದು ಅದರಿಂದಲೇ, ನಮ್ಮ ಮುರಕಲ್ಲಿನ ಕೆಂಪು ಧೂಳು ಮೈಗೆ ಅಂಟಿಕೊಳ್ಳುವುದೂ ಅದರಿಂದಲೇ. ಇಂಥವನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಧೂಳು ಕೆಸರಾಗಿ ಉಡುಗೆಯ ಮಡಿಕೆಗಳೊಳಗೆ ಇಳಿಯುತ್ತದೆ. ಆದ್ದರಿಂದ ಮೊದಲು ಮೃದುವಾದ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆದು, ಉಳಿದ ಕಲೆಯ ಮೇಲೆ ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಉರುಳಿಸಬೇಕು. ಹಳೆಯ ಅಂಟಿನ ದುರಸ್ತಿಯಿದ್ದರೆ ನೀರಿನಲ್ಲಿ ಮುಳುಗಿಸಲೇಬಾರದು. ಬ್ಲೀಚ್ ಅಂತೂ ಯಾವುದಕ್ಕೂ ಬೇಡ. ಎತ್ತುವಾಗ ಎರಡೂ ಕೈಗಳಿಂದ ಪೀಠವನ್ನು ಹಿಡಿಯಬೇಕು, ಪ್ರೇಮದೇವತೆ ಕ್ಯುಪಿಡ್‌ನ ರೆಕ್ಕೆಯನ್ನಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟು ಹೊರಗೋಡೆಗೆ ತಾಗದಂತಿರಲಿ.