ಔಟ್‌ಲೈನ್ ಅಕ್ಷರದಲ್ಲಿ ಕನ್ನಡ ಬೋರ್ಡ್: ಗೆರೆ ಕೆಡದಂತೆ ಮಾಡುವುದು ಹೇಗೆ?

ಕೊಡಗಿನ ಹೋಂಸ್ಟೇ ಬೋರ್ಡುಗಳಲ್ಲಿ ಈಗ ಹಳೇ ಎಸ್ಟೇಟ್ ಬಂಗಲೆಯ ಕಳೆ ಬೇಕೆನ್ನುವವರು ಹೆಚ್ಚು. ಅದಕ್ಕೆ ಆರಿಸುವುದು ಒಳಗೆ ಖಾಲಿ ಬಿಟ್ಟು ಅಂಚಿಗಷ್ಟೇ ಗೆರೆ ಎಳೆದ, ತುದಿಗಳಲ್ಲಿ ಸೆರಿಫ್ (ಚಿಕ್ಕ ಚಾಚು) ಇರುವ ಅಕ್ಷರ. ಇಂಗ್ಲಿಷ್ ಹೆಸರು ಚೆಂದ ಬರುತ್ತದೆ. ಕೆಳಗಿನ ಕನ್ನಡದಲ್ಲಿ ಮಾತ್ರ ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆಗಳು ಹಾದುಹೋಗಿರುತ್ತವೆ. ಮಡಿಕೇರಿಯಿಂದ ಕುಶಾಲನಗರದವರೆಗೂ ಇದನ್ನು ನೋಡಿ ನೋಡಿ ಬೇಸರವಾಗಿ ಈ ಕ್ರಮ ಬರೆಯುತ್ತಿದ್ದೇನೆ.

ಮೊದಲು ಫಾಂಟ್. ಇಂಗ್ಲಿಷಿಗೆ 1918ರ ಗೌಡಿ ಓಪನ್‌ನಂಥ ರೆಡಿ ಫಾಂಟ್‌ಗಳಿವೆ. ಕನ್ನಡಕ್ಕೆ ದಪ್ಪ–ಸಪೂರ ವ್ಯತ್ಯಾಸವಿರುವ ತುಂಬಿದ ಫಾಂಟ್ ತೆಗೆದುಕೊಂಡು ನಾವೇ ಗೆರೆ ಕೊಡುವುದು ಒಳ್ಳೆಯದು. ಟಿರೋ ಕನ್ನಡ ಸುಂದರ, ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಒಳಗೆ ಜಾಗ ಸಾಲದು. ನೋಟೊ ಸೆರಿಫ್ ಕನ್ನಡ ಬೋಲ್ಡ್ ಹಾಕಿ. ಎರಡೂ ಉಚಿತ. ವರ್ಡ್‌ನಲ್ಲಿರುವ ಔಟ್‌ಲೈನ್ ಬಟನ್ ಮುಟ್ಟಬೇಡಿ.

ಇಂಕ್‌ಸ್ಕೇಪ್ ಎಂಬ ಉಚಿತ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಹೆಸರು ಟೈಪ್ ಮಾಡಿ, ಅಕ್ಷರಗಳ ನಡುವಿನ ಅಂತರ ತುಸು ಹೆಚ್ಚಿಸಿ.

ಕೆಡುವುದು ಇನ್ನು ಮುಂದೆ. ‘ಹೋ’ ಕಣ್ಣಿಗೆ ಒಂದೇ ಅಕ್ಷರ; ಫಾಂಟಿನೊಳಗೆ ಸಾಮಾನ್ಯವಾಗಿ ಅದರ ದೀರ್ಘ ಬೇರೆಯೇ ತುಂಡು, ‘ಹೊ’ ಮೇಲೆ ಹತ್ತಿ ಕೂತಿರುತ್ತದೆ. ತುಂಬಿದ ಬಣ್ಣದಲ್ಲಿ ಬೆಸುಗೆ ಕಾಣದು. ಹಾಗೇ ಗೆರೆ ಕೊಟ್ಟರೆ ಎರಡೂ ತುಂಡುಗಳ ಅಂಚು ಒಂದರೊಳಗೊಂದು ಮೂಡುತ್ತದೆ. ಅದಕ್ಕೇ ಮೊದಲು ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರಗಳನ್ನು ಆಕಾರಗಳಾಗಿಸಿ, ಆಮೇಲೆ ‘ಅನ್‌ಗ್ರೂಪ್’ ಕೊಟ್ಟು ಬಿಡಿಬಿಡಿ ಮಾಡಿ. ಈಗಲೇ ಒತ್ತಕ್ಷರಗಳನ್ನು ನೋಡಿ: ‘ಸ್ಟೇ’ಯ ಟ ಒತ್ತು ಮೇಲಿನ ‘ಸ’ ಅಕ್ಷರಕ್ಕೆ ತೀರಾ ಹತ್ತಿರವಿದ್ದರೆ ಕೂದಲೆಳೆಯಷ್ಟು ಕೆಳಗೆ ಸರಿಸಿ, ಇಲ್ಲವಾದರೆ ಎರಡರ ಗೆರೆಗಳೂ ಅಂಟಿಕೊಳ್ಳುತ್ತವೆ. ನಂತರ ಇಡೀ ಪದ ಆಯ್ದು ‘ಯೂನಿಯನ್’ ಕೊಡಿ, ಒಂದರ ಮೇಲೊಂದಿರುವ ತುಂಡುಗಳು ಒಂದಾಗುತ್ತವೆ. ಒಳಗೆರೆಗಳೆಲ್ಲ ಮಾಯ.

ಆದರೂ ನೇರ ಸ್ಟ್ರೋಕ್ (ಅಂಚಿನ ಗೆರೆ) ಕೊಡಬೇಡಿ. ಸ್ಟ್ರೋಕ್ ಅಂಚಿನ ಅರ್ಧ ಒಳಗೆ, ಅರ್ಧ ಹೊರಗೆ ಹರಡುತ್ತದೆ. ಸಪೂರ ಭಾಗಗಳು ತುಂಬಿಯೇ ಹೋಗುತ್ತವೆ. ಪದವನ್ನು ‘ಡುಪ್ಲಿಕೇಟ್’ ಮಾಡಿ, ಹಿಂದಿನ ಪ್ರತಿಗೆ ಗಾಢ ಬಣ್ಣ ಕೊಟ್ಟು ‘ಔಟ್‌ಸೆಟ್’ನಿಂದ ಸ್ವಲ್ಪ ಸ್ವಲ್ಪವೇ ಉಬ್ಬಿಸಿ. ಮುಂದಿನದಕ್ಕೆ ಕೆನೆ ಬಣ್ಣ. ಹೀಗೆ ಗೆರೆಯೆಲ್ಲ ಹೊರಗೇ ಬೀಳುತ್ತದೆ, ಅಕ್ಷರದ ಸೊಂಟ ಉಳಿಯುತ್ತದೆ. ಉಬ್ಬಿಸುವಾಗ ರ, ಠ ಅಕ್ಷರಗಳ ಒಳದುಂಡಿನ ಮೇಲೆ ಕಣ್ಣಿರಲಿ. ಅದು ಮುಚ್ಚತೊಡಗಿದರೆ ಎರಡು ಹೆಜ್ಜೆ ಹಿಂದೆ ಬನ್ನಿ.

ಔಟ್‌ಲೈನ್ ಹೆಸರಿಗೆ ಮಾತ್ರ. ಫೋನ್ ನಂಬರ್, ಬಾಣದ ಗುರುತು, ‘ಎರಡು ಕಿ.ಮೀ.’ ಎಲ್ಲ ತುಂಬಿದ ದಪ್ಪ ಅಕ್ಷರದಲ್ಲೇ ಇರಬೇಕು. ಜುಲೈ ಮಂಜಿನಲ್ಲಿ ತಿರುವಿನಲ್ಲಿ ಬರುವ ಡ್ರೈವರಿಗೆ ಸಪೂರ ಗೆರೆ ಕಾಣುವುದೇ ಇಲ್ಲ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ ಎಂಬುದು ಬೋರ್ಡಿನವರ ಲೆಕ್ಕ; ನಮ್ಮ ಮಳೆಗೆ ಅದನ್ನೂ ಹೆಚ್ಚಿಸಿ. ಹಿನ್ನೆಲೆ ಕಡು ಹಸಿರಾದರೆ ಗೆರೆ ಕಪ್ಪು ಬೇಡ, ಇಟ್ಟಿಗೆ ಕೆಂಪೂ ಬೇಡ, ಎರಡೂ ಹಸಿರಿನಲ್ಲಿ ಮುಳುಗುತ್ತವೆ. ಕೆನೆ ಹಿನ್ನೆಲೆ, ಕಡು ಹಸಿರು ಗೆರೆ ನನ್ನ ಆಯ್ಕೆ.

ಅಗ್ಗವೆಂದು ಫ್ಲೆಕ್ಸ್ ಹಾಕಿಸಬೇಡಿ. ಮರದ ನೆರಳಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಹಿಡಿಯುತ್ತದೆ. ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್) ಶೀಟಿನ ಮೇಲೆ ಕಟ್ ಮಾಡಿದ ವಿನೈಲ್ ಸ್ಟಿಕ್ಕರ್ ಇರಲಿ, ಗೆರೆ ಮೂರು ಮಿಲಿಮೀಟರಿಗಿಂತ ಸಪೂರ ಬೇಡ, ಅಂಚು ಏಳುತ್ತದೆ.

ಅಂಗಡಿಗೆ ಜೆಪೆಗ್ ಚಿತ್ರ ಕಳಿಸಬೇಡಿ, ಗೆರೆಗಳನ್ನು ಗೆರೆಗಳಾಗಿಯೇ ಉಳಿಸುವ ಎಸ್‌ವಿಜಿ ಅಥವಾ ಪಿಡಿಎಫ್ ಫೈಲ್ ಕೊಡಿ. ಕತ್ತರಿಸುವ ಮುನ್ನ ಅವರ ಕಂಪ್ಯೂಟರಿನಲ್ಲೇ ಔಟ್‌ಲೈನ್ ನೋಟಕ್ಕೆ ಹಾಕಿಸಿ. ಅಲ್ಲಿ ಕಾಣುವ ಪ್ರತಿ ಗೆರೆಯ ಮೇಲೂ ಬ್ಲೇಡ್ ಓಡುತ್ತದೆ. ದೀರ್ಘ ಸೇರುವಲ್ಲಿ ಒಂದು ಅಡ್ಡಗೆರೆ ಉಳಿದಿದ್ದರೂ ಅಕ್ಷರ ಎರಡು ತುಂಡು.