ಲಿವರ್ ಸ್ಲೈಡ್ ನೋಡಲು ನಾನು ಕಲಿತದ್ದು

ನನ್ನ ಮೊದಲ ಸ್ಲೈಡ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟ ದಿನ ತುಂಬಾ ಖುಷಿಯಾಗಿತ್ತು. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಕೊಟ್ಟಿದ್ದ ಇಲಿಯ ಲಿವರ್ ಅದು. ಜೀವಕೋಶಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿದ್ದವು. ನ್ಯೂಕ್ಲಿಯಸ್ ಮಸುಕಾಗಿತ್ತು. ವಿಷ ಚೆನ್ನಾಗಿ ಕೆಲಸ ಮಾಡಿದೆ ಅಂದುಕೊಂಡೆ. ಆಮೇಲೆ ಹೋಲಿಸಿ ನೋಡಲು ಇಟ್ಟುಕೊಂಡ ಕಂಟ್ರೋಲ್ ಗುಂಪಿನ ಸ್ಲೈಡ್ ಇಟ್ಟೆ. ಅಲ್ಲೂ ಹಾಗೇ ಇತ್ತು. ಆ ಇಲಿಗೆ ಬರೀ ಮೆಕ್ಕೆಜೋಳದ ಎಣ್ಣೆ ಕೊಟ್ಟಿದ್ದೆವು, ವಿಷದ ಒಂದು ಹನಿಯೂ ಹೋಗಿರಲಿಲ್ಲ.

ನನ್ನ ಗೈಡ್ ಮೇಡಂ ಎರಡನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು. "ಲಿವರ್ ತೆಗೆದ ಮೇಲೆ ಫಾರ್ಮಲಿನ್‌ಗೆ ಹಾಕೋಕೆ ಎಷ್ಟು ಹೊತ್ತಾಯ್ತಮ್ಮಾ?"

ತೂಕ ಮಾಡಿದ್ದೆ, ಫೋಟೋ ತೆಗೆದಿದ್ದೆ, ಲೇಬಲ್ ಬರೆದಿದ್ದೆ. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಅದೂ ಸಾಲದೆ ದೊಡ್ಡ ತುಂಡನ್ನೇ ಹಾಗೇ ಮುಳುಗಿಸಿಟ್ಟಿದ್ದೆ. ರಕ್ತ ಓಡಾಟ ನಿಂತ ಕೂಡಲೇ ಲಿವರ್‌ನ ಎನ್‌ಜೈಮ್‌ಗಳು ತಮ್ಮ ಜೀವಕೋಶಗಳನ್ನೇ ಕರಗಿಸಲು ಶುರು ಮಾಡುತ್ತವೆ. ತುಂಡು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವ ಒಳಗೆ ಇಳಿಯುವುದು ನಿಧಾನ. ದಪ್ಪ ತುಂಡಿನ ನಡುಭಾಗಕ್ಕೆ ಅದು ತಲುಪುವ ಹೊತ್ತಿಗೆ ಅಲ್ಲಿ ಕೆಟ್ಟು ಹೋಗಿರುತ್ತದೆ. ನಾನು ನೋಡಿದ ಹಾನಿ ವಿಷದ್ದಲ್ಲ, ನನ್ನ ತಡದ್ದು. ಆ ಇಲಿಗಳ ಜೀವ ಹೋದದ್ದಕ್ಕೆ ಏನೂ ಸಿಗಲಿಲ್ಲ ಅನ್ನುವುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮುಂದಿನ ಸಲ ಡಬ್ಬಿಗಳಿಗೆ ಹಿಂದಿನ ದಿನವೇ ಲೇಬಲ್ ಹಚ್ಚಿಟ್ಟೆ. 10% ಫಾರ್ಮಲಿನ್, ತುಂಡಿಗಿಂತ ಕನಿಷ್ಠ 10 ಪಟ್ಟು ಜಾಸ್ತಿ. ಲಿವರನ್ನು 3-4 ಮಿಲಿಮೀಟರ್ ದಪ್ಪಕ್ಕೆ ಕೊಯ್ದು ತಕ್ಷಣ ಹಾಕಿದೆ. ಪ್ರತಿ ಇಲಿಯಲ್ಲೂ ಲಿವರ್‌ನ ಒಂದೇ ಹಾಲೆಯಿಂದ (ಲೋಬ್) ತುಂಡು ತೆಗೆದೆ.

ಅದಕ್ಕೂ ಮೊದಲು ಇಲಿಗಳಿಗೆ ಡೋಸ್ ಕೊಡುವ 28 ದಿನಗಳೂ ಅಷ್ಟೇ ಮುಖ್ಯ. ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟಷ್ಟೇ ಇಲಿಗಳು, ಒಂದೂ ಹೆಚ್ಚಿಲ್ಲ. ಡೋಸ್ ಶುರು ಮಾಡುವ ಮೊದಲು ಒಂದು ವಾರ ಸುಮ್ನೆ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿದೆ. ಹೆದರಿದ ಇಲಿ ಒದ್ದಾಡುತ್ತದೆ. ಆಗ ಬಾಯಿಂದ ಹೊಟ್ಟೆಗೆ ಇಳಿಸುವ ಗವಾಜ್ ಸೂಜಿ ಶ್ವಾಸನಾಳಕ್ಕೆ ಹೋಗಿಬಿಡಬಹುದು. ಮೈತೂಕ ಆಗಾಗ ನೋಡಿ ಡೋಸ್ ಸರಿ ಮಾಡಿಕೊಳ್ಳಬೇಕು. ವಿಷ ಬೆರೆಸಲು ಬಳಸಿದ ಎಣ್ಣೆಯನ್ನೇ, ವಿಷವಿಲ್ಲದೆ, ಕಂಟ್ರೋಲ್ ಗುಂಪಿಗೂ ಅದೇ ಹೊತ್ತಿಗೆ ಕೊಡಬೇಕು. ಇಲ್ಲದಿದ್ದರೆ ಎಣ್ಣೆಯಿಂದ ಆದದ್ದು ಯಾವುದು, ವಿಷದಿಂದ ಆದದ್ದು ಯಾವುದು ಅಂತ ಹೇಗೆ ಹೇಳುವುದು?

ಈ ಸಲದ ಸ್ಲೈಡ್ ಬೇರೆಯೇ ಇತ್ತು. ಕಂಟ್ರೋಲ್‌ನಲ್ಲಿ ಜೀವಕೋಶಗಳು, ಲಿವರ್‌ನ ಪ್ರತಿ ಪುಟ್ಟ ಭಾಗದ ನಡುವಿನ ರಕ್ತನಾಳವಾದ ಸೆಂಟ್ರಲ್ ವೇನ್‌ನಿಂದ ಹೊರಗೆ ಸಾಲುಸಾಲಾಗಿ ಹರಡಿದ್ದವು. ಒಳಗೆ ಗುಲಾಬಿ ಬಣ್ಣ, ನಡುವೆ ದುಂಡಗಿನ ನೀಲಿ ನ್ಯೂಕ್ಲಿಯಸ್. ಹೆಚ್ಚು ಡೋಸ್ ಗುಂಪಿನಲ್ಲಿ ಸೆಂಟ್ರಲ್ ವೇನ್ ಸುತ್ತ ಆ ಸಾಲು ಕೆಟ್ಟಿತ್ತು. ಕೆಲವು ಕೋಶಗಳು ಊದಿದ್ದವು. ಕೆಲವುಗಳ ನ್ಯೂಕ್ಲಿಯಸ್ ಕುಗ್ಗಿ ಕಪ್ಪು ಚುಕ್ಕೆಯಂತಾಗಿತ್ತು. ಸ್ವಲ್ಪ ದೂರ ಹೋದರೆ ಎಲ್ಲ ನೆಟ್ಟಗಿತ್ತು.

ಯಾಕೆ ಅಲ್ಲೇ? ಕ್ಲೋರ್‌ಪೈರಿಫಾಸ್ ಅನ್ನು ಇನ್ನೂ ಉಗ್ರವಾದ ಆಕ್ಸಾನ್ ಎಂಬ ರೂಪಕ್ಕೆ ಬದಲಿಸುವುದು ಲಿವರ್‌ನ ಸೈಟೋಕ್ರೋಮ್ ಪಿ450 ಎನ್‌ಜೈಮ್‌ಗಳು. ಅವು ಸೆಂಟ್ರಲ್ ವೇನ್ ಸುತ್ತಲಿನ ಕೋಶಗಳಲ್ಲೇ ಜಾಸ್ತಿ. ಆಕ್ಸಿಜನ್ ಮಾತ್ರ ಅಲ್ಲೇ ಕಡಿಮೆ. ಹಾಗಾಗಿ ವಿಷ ತಯಾರಾಗುವ ಜಾಗವೂ ಅದೇ, ತಡೆದುಕೊಳ್ಳುವ ಶಕ್ತಿ ಕಡಿಮೆ ಇರುವ ಜಾಗವೂ ಅದೇ. ಕೈತಪ್ಪಿನ ಹಾನಿ ಹೀಗೆ ಜಾಗ ನೋಡಿ ಬರುವುದಿಲ್ಲ, ಅಲ್ವಾ?

ಕೋಶಗಳ ಒಳಗೆ ಕಾಣುವ ಬಿಳಿ ಗುಳ್ಳೆಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ಮಾಮೂಲಿ ಸ್ಲೈಡ್ ತಯಾರಿಯಲ್ಲಿ ಕೊಬ್ಬು ಕರಗಿ ಹೋಗಿ ಖಾಲಿ ಜಾಗ ಉಳಿಯುತ್ತದೆ. ಲಿವರ್ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಇದ್ದ ಜಾಗವೂ ಖಾಲಿಯಾಗೇ ಕಾಣುತ್ತದೆ. ಕೊಬ್ಬೇ ಅಂತ ಹೇಳಬೇಕಾದರೆ ತುಂಡನ್ನು ಹೆಪ್ಪುಗಟ್ಟಿಸಿ ಕೊಯ್ದು (ಫ್ರೋಜನ್ ಸೆಕ್ಷನ್) ಆಯಿಲ್ ರೆಡ್ ಓ ಬಣ್ಣ ಹಾಕಬೇಕು.

ಲಿವರ್ ಕೋಶಗಳಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಎಎಲ್‌ಟಿ, ಎಎಸ್‌ಟಿ ಎಂಬ ಎನ್‌ಜೈಮ್‌ಗಳನ್ನು ರಕ್ತದಲ್ಲಿ ನೋಡಿದೆ. ನಾನು ಹೆಚ್ಚು ನಂಬುವುದು ಎಎಲ್‌ಟಿಯನ್ನು. ಎಎಸ್‌ಟಿ ಮಾಂಸಖಂಡದಲ್ಲೂ ಕೆಂಪು ರಕ್ತಕಣದಲ್ಲೂ ಇದೆ, ರಕ್ತ ತೆಗೆಯುವಾಗ ಕಣ ಒಡೆದರೂ ಅದು ಏರುತ್ತದೆ. ಲಿವರ್ ತುಂಡನ್ನು ಐಸ್ ಮೇಲೆ ಅರೆದು ಥಯೋಬಾರ್ಬಿಟ್ಯೂರಿಕ್ ಆಸಿಡ್ ಜೊತೆ ಕುದಿಸಿದರೆ ಗುಲಾಬಿ ಬಣ್ಣ ಬರುತ್ತದೆ, ಅದನ್ನು 532 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ಜೀವಕೋಶದ ಪೊರೆಯ ಕೊಬ್ಬು ಎಷ್ಟು ಆಕ್ಸಿಡೈಸ್ ಆಗಿದೆ ಅಂತ ಅದರಿಂದ ಅಂದಾಜು ಸಿಗುತ್ತದೆ. ಡೋಸ್ ಏರಿದಂತೆ ಟ್ಯೂಬ್‌ಗಳ ಬಣ್ಣ ಗಾಢವಾದದ್ದು ಕಣ್ಣಿಗೇ ಕಂಡಿತ್ತು.

ಸ್ಲೈಡ್‌ಗಳಲ್ಲಿ ಹಾನಿ ಎಷ್ಟಿದೆ ಅಂತ ಅಂಕ ಕೊಡುವ ಮೊದಲು ಸಹಪಾಠಿಯೊಬ್ಬಳ ಹತ್ತಿರ ಲೇಬಲ್ ಮುಚ್ಚಿಸಿ ಕೋಡ್ ಹಾಕಿಸಿದೆ. ಗುಂಪು ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ಹುಡುಕುತ್ತದೆ. ಕೊನೆಗೆ ಕೋಡ್ ಬಿಚ್ಚಿದಾಗ ಕಡಿಮೆ ಡೋಸ್ ಗುಂಪಿನ ಎರಡು ಸ್ಲೈಡ್ ನನ್ನನ್ನು ನಿಲ್ಲಿಸಿದವು. ಆ ಇಲಿಗಳ ಎಎಲ್‌ಟಿ ಕಂಟ್ರೋಲ್‌ನಷ್ಟೇ ಇತ್ತು. ಆದರೆ ಸೆಂಟ್ರಲ್ ವೇನ್ ಪಕ್ಕದ ಮೊದಲ ಸಾಲಿನ ಕೋಶಗಳು ಆಗಲೇ ಊದಿಕೊಂಡಿದ್ದವು.