ಫೋನು ‘ಆಫ್’ ಅಂತಿತ್ತು, ಮೋಟರ್ ಓಡ್ತಾನೇ ಇತ್ತು

ರಾತ್ರಿ ಹನ್ನೊಂದೂವರೆಗೆ ಪಕ್ಕದ ಮನೆಯವರು ಗೇಟು ಬಡಿದರು. ‘ನಿಮ್ಮ ಟ್ಯಾಂಕ್ ತುಂಬಿ ಸುರೀತಿದೆ ನೋಡ್ರೀ.’ ನಾನು ಹಾಸಿಗೆಯಲ್ಲೇ ಫೋನು ತೆಗೆದು ನೋಡಿದೆ. ಮೋಟರ್ ಆಫ್ ಅಂತ ತೋರಿಸ್ತಾ ಇತ್ತು. ‘ಇಲ್ಲ, ನಮ್ದು ಆಟೋಮ್ಯಾಟಿಕ್, ಬೇರೆ ಯಾರದ್ದೋ ಇರಬೇಕು’ ಅಂತ ಕಿಟಕಿಯಿಂದಲೇ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಕೆಳಗಿನಿಂದ ಮೋಟರಿನ ಗುಂಯ್ ಸದ್ದು ಕೇಳಿಸಿತು. ಇಳಿದು ಹೋಗಿ ಮೇನ್ ತೆಗೆದೆ. ಅಷ್ಟರಲ್ಲಿ ಸಂಪಿನಲ್ಲಿದ್ದ ನೀರಿನ ಅರ್ಧ ಪಾಲು ಚರಂಡಿಗೆ ಹೋಗಿತ್ತು.

ನಮ್ಮ ಮನೆ ಇರುವುದು ಶಿವಮೊಗ್ಗದ ಹೊರಗಿನ ಒಂದು ಬಡಾವಣೆಯಲ್ಲಿ. ಕೆಳಗೆ ಸಂಪು, ಮೇಲೆ 1000 ಲೀಟರ್ ಟ್ಯಾಂಕು, ನಡುವೆ 1 ಎಚ್‌ಪಿ ಮೋಟರ್. ಅಮ್ಮ ಮೋಟರ್ ಹಾಕಿ ಮರೆಯುತ್ತಾರೆ ಅನ್ನುವುದೇ ಇದೆಲ್ಲ ಶುರುವಾಗೋಕೆ ಕಾರಣ. ನಾನು ಓದಿದ್ದು ಕಾಮರ್ಸ್. ಎಲೆಕ್ಟ್ರಾನಿಕ್ಸ್ ಕಲಿತದ್ದು ಭಾನುವಾರಗಳಲ್ಲಿ, ವಿಡಿಯೊ ನೋಡಿಕೊಂಡು. ವೈಫೈ ಇರುವ ಇಎಸ್‌ಪಿ8266 ಅನ್ನುವ ಒಂದು ಪುಟ್ಟ ಬೋರ್ಡು, ಅದು ಹೇಳಿದಂತೆ ಮೋಟರಿನ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚಾಗಿ ನೀಲಿ ಬಣ್ಣದ ಒಂದು ರಿಲೇ, ಹಳೆಯ ಮೊಬೈಲ್ ಚಾರ್ಜರು, ಎಲ್ಲ ಸೇರಿ ಐನೂರು ರೂಪಾಯಿ ಒಳಗೆ ಮುಗಿದಿತ್ತು. ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಬಂದವರಿಗೆಲ್ಲ ಫೋನಿನಿಂದ ಮೋಟರ್ ಹಾಕಿ ತೋರಿಸಿದ್ದೂ ಆಯ್ತು.

ಆ ರಾತ್ರಿಯ ನಂತರ ರಿಲೇ ಬಿಚ್ಚಿ ನೋಡಿದೆ. ಒಳಗಿನ ಎರಡು ಕಾಂಟ್ಯಾಕ್ಟುಗಳು, ಅಂದರೆ ಕರೆಂಟು ದಾಟುವ ಲೋಹದ ತುದಿಗಳು, ಬೆಸೆದುಕೊಂಡು ಒಂದಾಗಿದ್ದವು. ರಿಲೇ ಮೇಲೆ 10 ಆಂಪಿಯರ್, 250 ವೋಲ್ಟ್ ಅಂತ ಬರೆದಿತ್ತು. ನಮ್ಮ ಮೋಟರ್ ಓಡುವಾಗ ಎಳೆಯುವುದು 6 ಆಂಪಿಯರ್ ಆಸುಪಾಸು. ಹಾಗಾದರೆ ಸಾಕಲ್ವಾ ಅಂದುಕೊಂಡಿದ್ದೆ. ಆದರೆ ಆ 10 ಆಂಪಿಯರ್ ಹೀಟರ್‌ನಂಥ ಸಾಧು ಲೋಡಿನ ಲೆಕ್ಕ. ಮೋಟರ್ ಹೊರಡುವ ಗಳಿಗೆಯಲ್ಲಿ ಓಡುವಾಗಿನದರ ನಾಲ್ಕೈದು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಕರೆಂಟು ಎಳೆಯುತ್ತದೆ. ಪ್ರತಿ ಸಲ ಕಾಂಟ್ಯಾಕ್ಟ್ ಕೂಡುವಾಗ ಸಣ್ಣ ಕಿಡಿ. ದಿನಕ್ಕೆರಡು ಸಲದಂತೆ ಮೂರು ತಿಂಗಳು ಕಿಡಿ ಹಾರಿ, ಕೊನೆಗೆ ಅಂಟಿಕೊಂಡೇ ಬಿಟ್ಟಿತು.

ಅದಕ್ಕಿಂತ ನನ್ನನ್ನು ಕಾಡಿದ್ದು ಫೋನಿನ ಆ ‘ಆಫ್’. ಅದು ಸುಳ್ಳು ಹೇಳಿರಲಿಲ್ಲ ಬಿಡಿ. ಬೋರ್ಡು ‘ಆಫ್ ಆಗು’ ಅಂತ ರಿಲೇಗೆ ಹೇಳಿತ್ತು, ಹೇಳಿದ್ದನ್ನೇ ನನಗೂ ತಿಳಿಸಿತ್ತು. ಮೋಟರ್ ನಿಜಕ್ಕೂ ನಿಂತಿತೋ ಇಲ್ಲವೋ ನೋಡುವ ಕಣ್ಣು ಅದಕ್ಕೆ ಇರಲಿಲ್ಲ. ನಾನು ಕೊಟ್ಟೇ ಇರಲಿಲ್ಲ.

ಎರಡನೇ ಸಲ ಕಟ್ಟುವಾಗ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದೆ. ನನ್ನ ಪೆಟ್ಟಿಗೆ ಬಿಚ್ಚಿ ನೋಡಿ ಅವರು ಮೊದಲು ಕೇಳಿದ್ದು, ‘ಸಾರ್, ಇದನ್ನ ಮುಟ್ಟಿ ನೀವು ಬದುಕಿದ್ದು ಹೇಗೆ?’ ಅಂತ. 230 ವೋಲ್ಟಿನ ವೈರೂ 5 ವೋಲ್ಟಿನ ವೈರೂ ಒಂದೇ ಕಟ್ಟಿನಲ್ಲಿ ಅಪ್ಪಿಕೊಂಡು ಮಲಗಿದ್ದವು. ಬೋರ್ಡಿಗೆ ಫ್ಯೂಸ್ ಇರಲಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಹಲ್ಲಿಯ ಮೊಟ್ಟೆ, ಪಕ್ಕದಲ್ಲಿ ಇರುವೆ ಸಾಲು. ಇರುವೆಗಳಿಗೆ ರಿಲೇ ಕಾಂಟ್ಯಾಕ್ಟ್ ಅಂದರೆ ಅದೇನು ಪ್ರೀತಿಯೋ. ವಿದೇಶದವರು ಮಾಡಿದ ಯಾವ ವಿಡಿಯೊದಲ್ಲೂ ಹಲ್ಲಿ, ಇರುವೆ ಬರುವುದಿಲ್ಲ. ಈಗ ವೈರು ಒಳಹೋಗುವ ಪ್ರತಿ ತೂತಿಗೂ ಗ್ಲ್ಯಾಂಡ್ ಹಾಕಿ ಮುಚ್ಚಿದ್ದೇನೆ.

ಈಗಿನ ಏರ್ಪಾಡು ಹೀಗಿದೆ. ಮೋಟರನ್ನು ಹಾಕಿ ತೆಗೆಯುವುದು ಒಂದು ಕಾಂಟ್ಯಾಕ್ಟರ್, ಅಂದರೆ ಭಾರೀ ಕರೆಂಟು ತಾಳುವ ದೊಡ್ಡ ರಿಲೇ. ಅಂಗಡಿಯಲ್ಲಿ ಕೇಳುವಾಗ ಎಸಿ-3 ರೇಟಿಂಗ್ ಎಷ್ಟು ಅಂತ ಕೇಳಬೇಕು, ಅದೇ ಮೋಟರಿನ ಲೆಕ್ಕ. ಎಸಿ-1 ಅಂತ ದೊಡ್ಡ ಅಂಕಿ ತೋರಿಸಿದರೆ ಮರುಳಾಗಬಾರದು, ಅದು ಹೀಟರ್‌ನಂಥ ಲೋಡಿನ ಲೆಕ್ಕ. ಕಾಂಟ್ಯಾಕ್ಟರಿನ ಕಾಯಿಲ್‌ಗೆ ಕರೆಂಟು ಕೊಡುವ ಚಿಕ್ಕ ರಿಲೇ 12 ವೋಲ್ಟಿನದು. ಆ 12 ವೋಲ್ಟಿನ ದಾರಿಯಲ್ಲಿ ಎರಡು ಬಾಗಿಲು, ಒಂದರ ಹಿಂದೆ ಒಂದು. ಒಂದು ನನ್ನ ಬೋರ್ಡಿನದು, ಇನ್ನೊಂದು ಟ್ಯಾಂಕಿನಲ್ಲಿ ತೇಲುವ ಫ್ಲೋಟ್ ಸ್ವಿಚ್ಚಿನದು. ಟ್ಯಾಂಕ್ ತುಂಬಿ ಫ್ಲೋಟ್ ಮೇಲೆದ್ದರೆ ದಾರಿ ಕಡಿಯುತ್ತದೆ. ಬೋರ್ಡಿಗೆ ಹುಚ್ಚು ಹಿಡಿದಿದ್ದರೂ ಸರಿ, ವೈಫೈ ಸತ್ತಿದ್ದರೂ ಸರಿ. ಫ್ಲೋಟಿಗೆ ನೇರವಾಗಿ 230 ವೋಲ್ಟ್ ಎಳೆಯುವವರೂ ಇದ್ದಾರೆ. ನಾವು ಸ್ನಾನ ಮಾಡುವ ನೀರಿನೊಳಗೆ ಅದು ಬೇಡ ಅಂತ ಎಲೆಕ್ಟ್ರಿಷಿಯನ್ ಹಟ ಹಿಡಿದರು. ಅವರು ಹೇಳಿದ್ದೇ ಸರಿ. ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಟ್ಟನೆ ಕಡಿಯುವ ಸ್ವಿಚ್, ಹಾಕಿಸಿದ್ದೂ ಅವರೇ.

ಮೊದಲು ನೀರಿನ ಮಟ್ಟ ನೋಡೋಕೆ ಅಲ್ಟ್ರಾಸಾನಿಕ್ ಸೆನ್ಸರ್, ಅಂದರೆ ಸದ್ದಿನ ಪ್ರತಿಧ್ವನಿಯಿಂದ ದೂರ ಅಳೆಯುವ ಸಾಧನ, ಅದೊಂದನ್ನೇ ನಂಬಿದ್ದೆ. ಟ್ಯಾಂಕಿನೊಳಗಿನ ಹಬೆ ಅದರ ಕಣ್ಣಿಗೆ ಹನಿಗಟ್ಟಿ, ಬೆಳಗಾದರೆ ಅರ್ಧ ಟ್ಯಾಂಕ್ ಅನ್ನೋದು, ಮರುಕ್ಷಣ ಪೂರ್ತಿ ಖಾಲಿ ಅನ್ನೋದು. ಈಗಲೂ ಅದು ಇದೆ, ವಾಟರ್‌ಪ್ರೂಫ್ ನಮೂನೆಯದು. ಅಂದಾಜು ನೋಡೋಕೆ ಅಷ್ಟೇ. ಮೋಟರ್ ನಿಲ್ಲಿಸುವ ಅಧಿಕಾರ ಅದಕ್ಕೆ ಕೊಟ್ಟಿಲ್ಲ.

ಮೋಟರಿನ ವೈರಿಗೆ ಎಸ್‌ಸಿಟಿ-013 ಅನ್ನುವ ಕ್ಲ್ಯಾಂಪ್ ಹಾಕಿದ್ದೇನೆ. ವೈರು ಕತ್ತರಿಸುವುದು ಬೇಡ, ಸುಮ್ನೆ ಸುತ್ತ ಕಚ್ಚಿಸಿದರೆ ಎಷ್ಟು ಕರೆಂಟು ಹರಿಯುತ್ತಿದೆ ಅಂತ ಹೇಳುತ್ತದೆ. ಇದೇ ಆ ಕಣ್ಣು. ಆಫ್ ಅಂತ ಹೇಳಿದ ಮೇಲೂ ಕರೆಂಟು ಹರಿಯುತ್ತಿದ್ದರೆ ಮನೆಯೊಳಗೆ ಬಜರ್ ಕೂಗುತ್ತದೆ, ಯಾಕಂದ್ರೆ ಕಾಂಟ್ಯಾಕ್ಟರ್ ಕೂಡ ಒಂದು ದಿನ ಬೆಸೆದುಕೊಳ್ಳಬಹುದು. ಅಂಥ ದಿನ ಕೈಯಿಂದಲೇ ಎಂಸಿಬಿ ಇಳಿಸಬೇಕು, ಫ್ಲೋಟೂ ಉಳಿಸಲ್ಲ. ಸಂಪು ಬತ್ತಿ ಮೋಟರ್ ಒಣಗಾಳಿಯಲ್ಲಿ ತಿರುಗಿದರೆ ನಮ್ಮದರಲ್ಲಿ ಕರೆಂಟು 6ರಿಂದ 4ಕ್ಕೆ ಇಳಿಯುತ್ತದೆ. ಹತ್ತು ಸೆಕೆಂಡು ಹಾಗೇ ಇದ್ದರೆ ಬೋರ್ಡು ನಿಲ್ಲಿಸುತ್ತದೆ. ಟ್ಯಾಂಕ್ ತುಂಬೋಕೆ 35 ನಿಮಿಷ ಬೇಕು. 50 ನಿಮಿಷ ದಾಟಿದರೆ ಯಾರು ಏನೇ ಹೇಳಲಿ, ನಿಲ್ಲುತ್ತದೆ.

ಈ ಲೆಕ್ಕಾಚಾರವೆಲ್ಲ ಬೋರ್ಡಿನೊಳಗೇ ಇದೆ. ಮೊದಲು ಹಾಗಿರಲಿಲ್ಲ. ಎಲ್ಲ ಬುದ್ಧಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ ಓಡುವ, ಮನೆಯ ಬೋರ್ಡುಗಳನ್ನೆಲ್ಲ ನಡೆಸುವ ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಇತ್ತು. ಅದೇ ನನ್ನ ಸರ್ವರ್. ಒಂದು ಮಳೆಗಾಲದಲ್ಲಿ ಅದರ ಎಸ್‌ಡಿ ಕಾರ್ಡು ಸತ್ತಿತು. ಮನೆಯ ಪ್ರತಿ ಸೆನ್ಸರಿನ ಪ್ರತಿ ಅಂಕಿಯನ್ನೂ ಹಗಲೂ ರಾತ್ರಿ ಬರೀತಾ ಇದ್ದರೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರ್ತಾ ಇದ್ದರೆ, ಪಾಪ ಆ ಉಗುರಿನಷ್ಟು ಕಾರ್ಡು ಎಷ್ಟು ತಾಳೀತು? ಬ್ಯಾಕಪ್ ಇಟ್ಟಿದ್ದೆ. ಎಲ್ಲಿ ಇಟ್ಟಿದ್ದೆ ಅಂದರೆ ಅದೇ ಕಾರ್ಡಿನಲ್ಲಿ.

ಸರ್ವರ್ ಇಲ್ಲದಿದ್ದರೂ ಬೋರ್ಡುಗಳು ತಮ್ಮ ಪಾಡಿಗೆ ಇರುತ್ತವೆ ಅಂದುಕೊಂಡಿದ್ದೆ. ಇರಲಿಲ್ಲ. ಸರಿಯಾಗಿ ಕಾಲು ಗಂಟೆಗೊಮ್ಮೆ ಟಕ್ ಅಂತ ಸದ್ದು ಮಾಡಿ ಎಲ್ಲ ರೀಸ್ಟಾರ್ಟ್ ಆಗುತ್ತಿದ್ದವು. ಓಡುತ್ತಿದ್ದ ಮೋಟರ್ ನಡುವೆಯೇ ನಿಲ್ಲುತ್ತಿತ್ತು. ಎರಡು ದಿನ ಪವರ್ ಸಪ್ಲೈ ಬದಲಿಸಿ ಬದಲಿಸಿ ಸಾಕಾಯ್ತು. ಕೊನೆಗೆ ಗೊತ್ತಾಯ್ತು, ಬೋರ್ಡುಗಳಿಗೆ ನಾನು ಹಾಕಿದ್ದ ಇಎಸ್‌ಪಿಹೋಮ್ ಅನ್ನುವ ಸಾಫ್ಟ್‌ವೇರಿನಲ್ಲಿ ಸರ್ವರ್ ಜೊತೆ 15 ನಿಮಿಷ ಸಂಪರ್ಕ ಸಿಗದಿದ್ದರೆ ತಾನಾಗೇ ರೀಸ್ಟಾರ್ಟ್ ಆಗುವ ಸೆಟ್ಟಿಂಗ್ ಮೊದಲಿಂದಲೇ ಇರುತ್ತದೆ. ವೈಫೈ ಸಿಗದಿದ್ದರೂ ಅಷ್ಟೇ. ಸಂಪರ್ಕ ಸಿಕ್ಕಿಹಾಕಿಕೊಂಡಾಗ ಬಿಡಿಸೋಕೆ ಒಳ್ಳೆಯದೇ, ಮೋಟರ್ ನಡೆಸುವ ಬೋರ್ಡಿಗೆ ಮಾತ್ರ ಅಲ್ಲ. ಎರಡೂ ಕಡೆ ರೀಬೂಟ್ ಟೈಮ್‌ಔಟ್ ಸೊನ್ನೆ ಮಾಡಿ ಆ ರೀಸ್ಟಾರ್ಟನ್ನೇ ನಿಲ್ಲಿಸಿದೆ. ಪೈಗೆ ಕಾರ್ಡಿನ ಬದಲು ಎಸ್‌ಎಸ್‌ಡಿ ಡಿಸ್ಕ್ ಹಾಕಿದೆ. ಬ್ಯಾಕಪ್ ಈಗ ಬೇರೆ ಕಂಪ್ಯೂಟರಿಗೆ ಹೋಗುತ್ತದೆ.

ಕರೆಂಟು ವಾಪಸ್ ಬರುವ ಗಳಿಗೆಯದ್ದೇ ಇನ್ನೊಂದು ಕಥೆ. ಬೋರ್ಡು ಎದ್ದೇಳುವಾಗ ಅದರ ಕೆಲವು ಪಿನ್ನುಗಳು ಒಂದು ಕ್ಷಣ ಆನ್ ಆಗಿ ಆಫ್ ಆಗುತ್ತವೆ. ಬಲ್ಬಾದರೆ ಮಿಂಚಿ ಹೋಗುತ್ತದೆ, ಮೋಟರಾದರೆ ಒದ್ದುಕೊಳ್ಳುತ್ತದೆ. ನನ್ನ ಇಎಸ್‌ಪಿ8266 ಕೂತಿರುವ ನೋಡ್‌ಎಂಸಿಯು ಬೋರ್ಡಿನ ಡಿ1, ಡಿ2 ಪಿನ್ನುಗಳು ಈ ವಿಷಯದಲ್ಲಿ ಸಭ್ಯರು. ರಿಲೇಗಳನ್ನು ಅಲ್ಲಿಗೇ ಹಾಕಿದೆ. ಕರೆಂಟು ಬಂದ ಮೇಲೆ ಮೊದಲಿನ ಸ್ಥಿತಿಗೆ ಮರಳು ಅನ್ನುವ ಆಯ್ಕೆಯನ್ನು ದೀಪಗಳಿಗೆ ಇಟ್ಟಿದ್ದೇನೆ. ಮೋಟರಿಗೂ ಗೀಸರಿಗೂ ಯಾವತ್ತೂ ಆಫ್.

ಗೀಸರ್ ವಿಷಯ ಚಿಕ್ಕದು. 2000 ವಾಟಿನದು. ಹೊರಗಿನಿಂದ ಫೋನಲ್ಲಿ ಆನ್ ಮಾಡುವ ಆಸೆ ಇತ್ತು, ಬಿಟ್ಟೆ. ಅರ್ಧ ಗಂಟೆ ಆದ ಮೇಲೆ ಆಫ್ ಮಾಡುವುದಷ್ಟೇ ನನ್ನ ಬೋರ್ಡಿನ ಕೆಲಸ. ಒಳಗಿನ ಥರ್ಮೋಸ್ಟ್ಯಾಟು, ಪ್ರೆಷರ್ ವಾಲ್ವು ಮುಟ್ಟುವ ಪ್ರಶ್ನೆಯೇ ಇಲ್ಲ.

ಗ್ಯಾಸ್ ವಿಷಯದಲ್ಲಿ ಮಾತ್ರ ನಾನು ಮಾಡಹೊರಟಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಡುಗೆಮನೆಗೆ ಗ್ಯಾಸ್ ಗುರುತಿಸುವ ಅಗ್ಗದ ಎಂಕ್ಯೂ ಸೆನ್ಸರ್ ಹಾಕಿ, ಗ್ಯಾಸ್ ಸೋರಿದರೆ ಎಕ್ಸಾಸ್ಟ್ ಫ್ಯಾನ್ ತಾನಾಗೇ ತಿರುಗುವ ಹಾಗೆ ಕೋಡ್ ಬರೆದಿದ್ದೆ. ಎಷ್ಟು ಜಾಣತನ ಅಲ್ವಾ? ಅಮ್ಮ ಕೇಳಿದರು, ‘ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಮುಟ್ಟಬಾರದು ಅಂತಾರಲ್ಲ, ಇದು ಮುಟ್ಟಬಹುದಾ?’ ರಿಲೇಯಲ್ಲಿ ಕಿಡಿ ಹಾರುತ್ತದೆ ಅಂತ ಅಷ್ಟರಲ್ಲಾಗಲೇ ಸಾವಿರಾರು ಲೀಟರ್ ನೀರು ಚೆಲ್ಲಿ ಕಲಿತವನು ನಾನು. ಆ ಕೋಡನ್ನು ಅವತ್ತೇ ಅಳಿಸಿದೆ. ಈಗ ಇರುವುದು ಅಂಗಡಿಯಲ್ಲಿ ಕೊಂಡ ರೆಡಿಮೇಡ್ ಅಲಾರಂ, ಗೋಡೆಯ ಕೆಳಭಾಗದಲ್ಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ನಾನು ಮೊದಲು ಸೆನ್ಸರ್ ಹಾಕಿದ್ದು ಚಿಮಣಿ ಪಕ್ಕ, ತಲೆಗಿಂತ ಮೇಲೆ.

ಖಾಸಗಿತನದ ವಿಷಯಕ್ಕೆ ಬಂದರೆ, ನನ್ನ ಭಯವೆಲ್ಲ ಹೊರಗಿನವರ ಬಗ್ಗೆಯೇ ಇತ್ತು. ಅದೇನೂ ಸುಳ್ಳು ಭಯವಲ್ಲ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳೊಳಗೆ ನುಗ್ಗಿದ್ದು ಯಾವ ಮಹಾ ವಿದ್ಯೆಯಿಂದಲೂ ಅಲ್ಲ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಜನ ಬದಲಿಸದೇ ಬಿಟ್ಟಿದ್ದರಿಂದ. ನಾನೂ ಒಂದು ಕಾಲದಲ್ಲಿ ಆಫೀಸಿನಿಂದ ಮನೆ ನೋಡೋಕೆ ರೌಟರಿನಲ್ಲಿ 8123 ಪೋರ್ಟ್, ಅಂದರೆ ಹೊರಗಿನಿಂದ ಹೋಮ್ ಅಸಿಸ್ಟೆಂಟಿಗೆ ಹೋಗುವ ಬಾಗಿಲು, ತೆರೆದಿಟ್ಟಿದ್ದೆ. ವಾರದೊಳಗೆ ‘ಲಾಗಿನ್ ಪ್ರಯತ್ನ ವಿಫಲ’ ಅನ್ನುವ ಎಚ್ಚರಿಕೆಗಳು ಸಾಲಾಗಿ ಬಂದವು, ನನಗೆ ಗೊತ್ತೇ ಇಲ್ಲದ ಇಂಟರ್ನೆಟ್ ವಿಳಾಸಗಳಿಂದ. ಪೋರ್ಟ್ ಮುಚ್ಚಿ, ನನಗೆ ಮಾತ್ರ ದಾರಿ ಬಿಡುವ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿಕೊಂಡೆ. ಕೊಂಡು ತಂದ ಪ್ಲಗ್ಗು, ಕ್ಯಾಮೆರಾಗಳಿಗೆ ಬೇರೆಯದೇ ವೈಫೈ ಕೊಟ್ಟೆ. ಯಾವ ಸಾಮಾನು ಯಾವ ವೆಬ್ ವಿಳಾಸ ಕೇಳುತ್ತಿದೆ ಅಂತ ತೋರಿಸುವ ಪೈ-ಹೋಲ್ ಸಾಫ್ಟ್‌ವೇರ್ ಹಾಕಿ ನೋಡಿದರೆ, ಒಂದು ಕ್ಯಾಮೆರಾ ರಾತ್ರಿಯಿಡೀ ಯಾವುದೋ ಸರ್ವರನ್ನು ಕೂಗುತ್ತಲೇ ಇತ್ತು. ರೌಟರಿನಲ್ಲೇ ಅದಕ್ಕೆ ಇಂಟರ್ನೆಟ್ ಕಡಿದೆ. ಮನೆಯೊಳಗೆ ವಿಡಿಯೊ ಈಗಲೂ ಬರುತ್ತದೆ. ಕಂಪನಿಯ ಸರ್ವರನ್ನೇ ನೆಚ್ಚಿಕೊಂಡ ಸಾಮಾನನ್ನು ನಾನು ಈಗ ಕೊಳ್ಳುವುದಿಲ್ಲ. ಅಮೆರಿಕದಲ್ಲಿ ಮನೆಯ ಉಪಕರಣಗಳನ್ನು ಒಟ್ಟಿಗೆ ನಡೆಸುವ ರಿವಾಲ್ವ್ ಅನ್ನುವ ಪೆಟ್ಟಿಗೆಯ ಸರ್ವರನ್ನು 2016ರಲ್ಲಿ ನಿಲ್ಲಿಸಿದಾಗ, ಜನ ದುಡ್ಡು ಕೊಟ್ಟು ಕೊಂಡಿದ್ದ ಆ ಪೆಟ್ಟಿಗೆ ಸುಮ್ನೆ ಕೂತುಬಿಟ್ಟಿತು.

ಒಳಗಿನವರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಮನೆಯ ಹಾಲ್‌ನಲ್ಲಿ ಒಂದು ಕ್ಯಾಮೆರಾ ಇಟ್ಟಿದ್ದೆ, ಅಮ್ಮ ಒಬ್ಬರೇ ಇರುವಾಗ ಬಿದ್ದುಗಿದ್ದರೆ ಗೊತ್ತಾಗಲಿ ಅಂತ. ಕೆಲವು ದಿನ ಆದ ಮೇಲೆ ಅಮ್ಮ ತಮ್ಮ ಕುರ್ಚಿಯನ್ನು ಅಡುಗೆಮನೆ ಬಾಗಿಲ ಹತ್ತಿರ ಎಳೆದುಕೊಂಡರು. ಗಾಳಿ ಬರಲ್ಲ, ಟಿವಿ ಕಾಣಲ್ಲ, ಆದರೂ ಅಲ್ಲೇ. ಕ್ಯಾಮೆರಾಕ್ಕೆ ಕಾಣದ ಜಾಗ ಅದೊಂದೇ. ಕೆಲಸಕ್ಕೆ ಬರುವಾಕೆ ಕೂಡ ಹಾಲ್ ಗುಡಿಸುವಾಗ ಸೆರಗು ಸರಿ ಮಾಡಿಕೊಂಡು ಮಾಡಿಕೊಂಡು ಗುಡಿಸುತ್ತಿದ್ದಳು ಅಂತ ಆಮೇಲೆ ಹೆಂಡತಿ ಹೇಳಿದಳು.

ಆದರೂ ನನಗೆ ಬುದ್ಧಿ ಬಂದಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕುಡೀತಾ, ಸಹಜವಾಗೇ ಹೆಂಡತಿಯನ್ನು ಕೇಳಿದೆ. ‘ರಾತ್ರಿ ಎರಡೂವರೆಗೆ ಎದ್ದು ಮಹಡಿಗೆ ಹೋಗಿದ್ಯಲ್ಲ, ನಿದ್ದೆ ಬರಲಿಲ್ವಾ?’ ಬಾಗಿಲ ಸೆನ್ಸರಿನ ಗ್ರಾಫಿನಲ್ಲಿ ನೋಡಿದ್ದೆ. ಅವಳು ಲೋಟ ಕೆಳಗಿಟ್ಟಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ನಾನು ಎಷ್ಟು ಹೊತ್ತು ಸ್ನಾನ ಮಾಡ್ತೀನಿ ಅನ್ನೋದೂ ಇದೆಯಾ ಅದ್ರಲ್ಲಿ?’ ಅಂತ ಕೇಳಿದಳು. ಇತ್ತು. ಗೀಸರಿನ ಕರೆಂಟ್ ಗ್ರಾಫ್ ನೋಡಿದರೆ ಯಾರು ಎಷ್ಟೊತ್ತಿಗೆ ಸ್ನಾನಕ್ಕೆ ಹೋದರು ಅಂತ ಬೆರಳಿಟ್ಟು ಹೇಳಬಹುದಿತ್ತು.

ಆ ಭಾನುವಾರ ಹಾಲ್‌ನ ಕ್ಯಾಮೆರಾ ತೆಗೆದು ಗೇಟಿಗೆ ಹಾಕಿದೆ, ರಸ್ತೆಯ ಎದುರು ಮನೆಯ ಬಾಗಿಲು ಕಾಣದ ಹಾಗೆ ಓರೆಯಾಗಿ. ಬಾಗಿಲು, ಗೀಸರಿನ ದಾಖಲೆಗಳನ್ನು ಹೋಮ್ ಅಸಿಸ್ಟೆಂಟಿನ ರೆಕಾರ್ಡರಿನಿಂದ ತೆಗೆದೆ. ಉಳಿದದ್ದು ಮೊದಲು 10 ದಿನ ಇರುತ್ತಿತ್ತು, ಈಗ 2 ದಿನ. ಎಸ್‌ಎಸ್‌ಡಿಗೂ ಹಗುರ. ಅಮ್ಮನಿಗೆ ಕುತ್ತಿಗೆಗೆ ಹಾಕಿಕೊಳ್ಳುವ ಒಂದು ಗುಂಡಿ ಮಾಡಿಕೊಟ್ಟೆ, ಒತ್ತಿದರೆ ನಮ್ಮಿಬ್ಬರ ಫೋನಿಗೂ ಕರೆ ಬರುತ್ತದೆ. ಅವರು ಅದನ್ನು ದೇವರ ಮನೆಯ ಮೊಳೆಗೆ ನೇತುಹಾಕಿದ್ದಾರೆ.

ಕೊನೆಗೆ ಮಾಡಿದ್ದು ಎಲ್ಲಕ್ಕಿಂತ ಅಗ್ಗದ ಕೆಲಸ. ನಾನು ಪುಣೆಯಲ್ಲಿದ್ದಾಗ ಒಮ್ಮೆ ಅಮ್ಮ ಫೋನ್ ಮಾಡಿ, ‘ನಿನ್ನ ಮೋಟರ್ ಹತ್ತಲ್ಲಪ್ಪ, ಮನೇಲಿ ಒಂದು ತೊಟ್ಟು ನೀರಿಲ್ಲ’ ಅಂದರು. ನಮ್ಮ ಮೋಟರ್ ಯಾವಾಗ ನನ್ನ ಮೋಟರ್ ಆಯಿತು ಅಂತ ನಾನು ರೈಲಿನಲ್ಲಿ ಕೂತು ಯೋಚಿಸಿದೆ. ಬಂದವನು ಮೂರು ಸ್ಥಾನದ ಒಂದು ತಿರುಗುವ ಸ್ವಿಚ್ ಹಾಕಿಸಿದೆ. ಬಲಕ್ಕೆ ತಿರುಗಿಸಿದರೆ ಆಟೋ, ನಡುವೆ ಬಂದ್, ಎಡಕ್ಕೆ ತಿರುಗಿಸಿದರೆ ನನ್ನ ಬೋರ್ಡು, ಫ್ಲೋಟು, ಪೈ ಯಾವುದೂ ನಡುವೆ ಬರದೆ ಮೋಟರ್ ಹಳೆಯ ಕಾಲದ ಹಾಗೆ ಓಡುತ್ತದೆ. ತುಂಬಿದರೆ ಹರಿಯುತ್ತದೆ, ಅದೂ ಹಳೆಯ ಹಾಗೆ. ಪೆಟ್ಟಿಗೆಯ ಬಾಗಿಲ ಒಳಗೆ ಕನ್ನಡದಲ್ಲಿ ದಪ್ಪಕ್ಷರದ ಒಂದು ಚೀಟಿ ಅಂಟಿಸಿದ್ದೇನೆ, ಎಲೆಕ್ಟ್ರಿಷಿಯನ್ ನಂಬರ್ ಸಮೇತ.

ನಲ್ಲಿ ನೀರು ಬರುವ ದಿನಗಳಲ್ಲಿ ಅಮ್ಮ ಅದನ್ನು ಎಡಕ್ಕೇ ಇಡುತ್ತಾರೆ ಅಂತ ನನಗೆ ಅನುಮಾನ. ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳುತ್ತಾ ಹಿತ್ತಲಲ್ಲಿ ಹೂ ಬಿಡಿಸುವುದು ಅವರಿಗೆ ಇಷ್ಟ. ಸ್ವಿಚ್ ಯಾವ ಕಡೆ ಇದೆ ಅಂತ ತಿಳಿಸೋಕೆ ಐವತ್ತು ರೂಪಾಯಿಯ ಒಂದು ಸೆನ್ಸರ್ ಸಾಕು. ತಂದೂ ಇಟ್ಟಿದ್ದೆ. ಡ್ರಾಯರಿನಲ್ಲೇ ಇದೆ.